ಹಸಿರು ಗೆರೆಯ ಮೇಲಿದ್ದ ಮಗು: ಜಗಳೂರು ತಾಲ್ಲೂಕಿನ ಒಂದು ಪ್ರಕರಣ

ಜಗಳೂರು ತಾಲ್ಲೂಕಿನ ಒಂದು ಹಳ್ಳಿ. 11 ತಿಂಗಳ ಹೆಣ್ಣುಮಗು. ತೂಕ 8.1 ಕಿಲೋ, ಉದ್ದ 70.5 ಸೆಂ.ಮೀ., ತೋಳಿನ ಸುತ್ತಳತೆ 13.6 ಸೆಂ.ಮೀ. ಅಂಗನವಾಡಿ ಲೆಕ್ಕದಲ್ಲಿ ಮಗು ಹಸಿರು ಪಟ್ಟಿಯಲ್ಲಿತ್ತು. ಅಂದರೆ ಚಿಂತೆ ಇಲ್ಲ. ಮನೆಯಲ್ಲಿ ಮಾತ್ರ ಆ ಮಗು ಕೂರುತ್ತಿರಲಿಲ್ಲ, ನಗುತ್ತಿರಲಿಲ್ಲ, ಕರೆದರೆ ತಿರುಗಿ ನೋಡುತ್ತಿರಲಿಲ್ಲ.

ನಾನು ಮಕ್ಕಳ ವೈದ್ಯೆ. ಬಡ ಹಳ್ಳಿಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳು ಹೇಗೆ ಬೆಳೆಯುತ್ತಾರೆ, ಏನು ಅವರನ್ನು ಹಿಂದಕ್ಕೆ ಎಳೆಯುತ್ತದೆ ಅನ್ನುವುದು ನನ್ನ ಅಧ್ಯಯನದ ವಿಷಯ. ಈ ಪ್ರಕರಣ ಬರೆಯಲು ಮನೆಯವರ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಊರಿನ ಹೆಸರು ಬಿಟ್ಟಿದ್ದೇನೆ, ಒಂದೆರಡು ವಿವರ ಬದಲಿಸಿದ್ದೇನೆ. ಅಪರೂಪದ ಕಾಯಿಲೆ ಸಿಕ್ಕಿತು ಅಂತ ಬರೆಯುತ್ತಿಲ್ಲ. ನಮ್ಮ ಕಡೆ ಇದು ಅಷ್ಟೇನೂ ಅಪರೂಪವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಗು ಕಣ್ಣಿಗೆ ಬಿದ್ದದ್ದು

ಆ ದಿನ ಅಂಗನವಾಡಿಯಲ್ಲಿ ಮಕ್ಕಳ ಬೆಳವಣಿಗೆ ನೋಡುತ್ತಿದ್ದೆವು. ನಮ್ಮ ಹತ್ತಿರ ಇದ್ದದ್ದು ತಿರುವನಂತಪುರದಲ್ಲಿ ತಯಾರಾದ 17 ಅಂಶಗಳ ಸಣ್ಣ ಪಟ್ಟಿ. ಹುಟ್ಟಿನಿಂದ ಎರಡು ವರ್ಷದವರೆಗಿನ ಮಕ್ಕಳಿಗೆ ಅದನ್ನು ಬಳಸುತ್ತಾರೆ. ಮಗುವಿನ ವಯಸ್ಸಿಗೆ ಒಂದು ಗೆರೆ ಎಳೆಯಬೇಕು, ಗೆರೆಯ ಎಡಕ್ಕೆ ಇರುವ ಕೆಲಸಗಳನ್ನೆಲ್ಲ ಮಗು ಮಾಡುತ್ತಿರಬೇಕು. ಐದು ನಿಮಿಷದ ಕೆಲಸ.

ಈ ಮಗು ಅಜ್ಜಿಯ ಸೊಂಟದ ಮೇಲಿತ್ತು. ದುಂಡಗಿನ ಮುಖ, ಉಬ್ಬಿದ ಕೆನ್ನೆ. ದೂರದಿಂದ ನೋಡಿದವರು ಚೆನ್ನಾಗಿ ಸಾಕಿದ ಮಗು ಅನ್ನುತ್ತಾರೆ. ಹತ್ತಿರ ಹೋದರೆ ಬೇರೆ. ಕೂದಲು ತೆಳ್ಳಗೆ, ಕಂದು ಬಣ್ಣಕ್ಕೆ ತಿರುಗಿತ್ತು. ಕಣ್ಣಿನ ಒಳರೆಪ್ಪೆ ಬಿಳಿಚಿತ್ತು. ಬೆರಳಿನ ಗೆಣ್ಣುಗಳ ಮೇಲೆ ಮಸಿ ಹಚ್ಚಿದಷ್ಟು ಕಪ್ಪು. ಗಿಲಕಿ ಆಡಿಸಿದರೆ ಕಣ್ಣು ಅತ್ತ ಹೋಗಲಿಲ್ಲ. ಕೂರಿಸಿದರೆ ಪಕ್ಕಕ್ಕೆ ಜಾರಿತು.

ಅಂಗನವಾಡಿ ಟೀಚರ್ ಫೋನ್ ತೆಗೆದು, ಅಂಗನವಾಡಿ ಲೆಕ್ಕ ಇಡುವ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ದಾಖಲೆ ತೋರಿಸಿದರು. "ತೂಕ ಚೆನ್ನಾಗೈತಲ್ಲ ಮೇಡಂ. ಸ್ವಲ್ಪ ಮಂದ ಐತೆ ಅಷ್ಟೆ." ಅವರ ಮಾತಿನಲ್ಲಿ ಉದಾಸೀನ ಇರಲಿಲ್ಲ. ಅವರಿಗೆ ಕೊಟ್ಟಿರುವ ತಕ್ಕಡಿ ಹೇಳುವುದೇ ಅಷ್ಟು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಅಳತೆಯ ಪ್ರಕಾರ 11 ತಿಂಗಳ ಹೆಣ್ಣುಮಗುವಿನ ಮಧ್ಯದ ತೂಕ 8.7 ಕಿಲೋ. 6.9ಕ್ಕಿಂತ ಕೆಳಗೆ ಇಳಿದರೆ ಮಾತ್ರ ಹಳದಿ ಪಟ್ಟಿ. ಈ ಮಗು ಅದಕ್ಕಿಂತ ಎಷ್ಟೋ ಮೇಲಿತ್ತು. ಇನ್ನು ಬಿಳಿಚಿಕೊಂಡಿರುವುದು ಯಾರ ಕಣ್ಣಿಗೂ ಬೀಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಮೂವರಲ್ಲಿ ಇಬ್ಬರು ಬಿಳಿಚಿದ್ದರೆ ಅದೇ ಮಾಮೂಲಿ ಬಣ್ಣ ಅನಿಸಿಬಿಡುತ್ತದೆ, ಅಲ್ವಾ?

ನಮ್ಮ ಪಟ್ಟಿಯಲ್ಲೂ ಒಂದು ಕೊರತೆ ಇದೆ. ಅದು ಮಗು ಇವತ್ತು ಏನು ಮಾಡುತ್ತದೆ ಅಂತ ಕೇಳುತ್ತದೆ, ನಿನ್ನೆ ಏನು ಮಾಡುತ್ತಿತ್ತು ಅಂತ ಕೇಳುವುದಿಲ್ಲ. ಪಟ್ಟಿಯ ಪ್ರಕಾರ ಇದು 'ಬೆಳವಣಿಗೆ ನಿಧಾನ ಇರುವ ಮಗು', ಮುಂದಿನ ತಪಾಸಣೆಗೆ ಕಳಿಸಬೇಕು, ಮುಗಿಯಿತು. ಅಷ್ಟರಲ್ಲಿ ತಾಯಿ ಬಂದಳು. ಹೊಲದಲ್ಲಿ ಮೆಕ್ಕೆಜೋಳಕ್ಕೆ ಕಳೆ ತೆಗೆಯುತ್ತಿದ್ದವಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಹೇಳಿದಳು: "ಮೊದ್ಲು ಹಿಂಗಿರ್ಲಿಲ್ಲ ಮೇಡಂ. ಕುಂದರ್ತಿತ್ತು, ಕೇಕೆ ಹಾಕಿ ನಗ್ತಿತ್ತು. ಈಗ ಎಲ್ಲಾ ಬಿಟ್ಟೈತೆ."

ನಿಧಾನವಾಗಿ ಕಲಿಯುವ ಮಗು ಬೇರೆ, ಕಲಿತದ್ದನ್ನು ಕಳೆದುಕೊಳ್ಳುವ ಮಗು ಬೇರೆ. ಎರಡನೆಯದು ಅವಸರದ ವಿಷಯ. ಅಲ್ಲಿ ಏನೋ ಈಗ ನಡೆಯುತ್ತಿದೆ, ಅದನ್ನು ನಿಲ್ಲಿಸಲು ಸಾಧ್ಯವಿರಬಹುದು.

ಫೋನಿನಲ್ಲಿದ್ದ ಸಾಕ್ಷಿ

ತಾಯಂದಿರು ಹೇಳುವ ತಿಂಗಳ ಲೆಕ್ಕವನ್ನು ವೈದ್ಯರು ಪೂರ್ತಿ ನಂಬುವುದಿಲ್ಲ. ಮಗು ಯಾವಾಗ ಕೂತಿತು, ಯಾವಾಗ ನಿಂತಿತು ಅನ್ನುವುದು ನೆನಪಿನಲ್ಲಿ ಹಿಂದೆಮುಂದೆ ಆಗುತ್ತದೆ. ಈಗ ಒಂದು ಅನುಕೂಲ ಇದೆ. ಎಂಥ ಬಡವರ ಮನೆಯಲ್ಲೂ ಒಂದು ಫೋನ್ ಇರುತ್ತದೆ, ಅದರಲ್ಲಿ ಮಗುವಿನ ವಿಡಿಯೊ ಇರುತ್ತದೆ, ವಿಡಿಯೊದ ಮೇಲೆ ತಾರೀಖು ಇರುತ್ತದೆ.

ತಂದೆ ಚನ್ನಗಿರಿ ಕಡೆ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗಿದ್ದ. ಅಲ್ಲಿಂದಲೇ ವಾಟ್ಸಾಪ್‌ನಲ್ಲಿ ಮೂರು ವಿಡಿಯೊ ಕಳಿಸಿದ. ಐದನೇ ತಿಂಗಳಿನದರಲ್ಲಿ ಮಗು ಬೋರಲು ಬಿದ್ದು ತಲೆ ಎತ್ತಿ ನೋಡುತ್ತಿದೆ. ಏಳನೇ ತಿಂಗಳಿನದರಲ್ಲಿ ಚಾಪೆಯ ಮೇಲೆ ಕೂತಿದೆ, ಸೋದರಮಾವ ಶಿಳ್ಳೆ ಹೊಡೆದರೆ ಕೇಕೆ ಹಾಕುತ್ತಿದೆ. ಒಂಬತ್ತನೇ ತಿಂಗಳಿನದರಲ್ಲಿ ಅದೇ ಚಾಪೆ, ಅದೇ ಶಿಳ್ಳೆ. ಮಗು ಮಲಗಿಕೊಂಡು ಸೂರು ನೋಡುತ್ತಿದೆ. ಯಾವ ದೊಡ್ಡ ಪರೀಕ್ಷೆಯೂ ಇಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. ಏಳರಿಂದ ಒಂಬತ್ತರ ನಡುವೆ ಮಗು ಇಳಿಯುತ್ತಾ ಹೋಗಿತ್ತು.

ಆ ಎರಡು ತಿಂಗಳಲ್ಲಿ ಮನೆಯವರು ಸುಮ್ನೆ ಕೂತಿರಲಿಲ್ಲ. ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಎರಡು ಸಲ ಟಾನಿಕ್ ಬರೆಸಿಕೊಂಡಿದ್ದರು. ಇನ್ನೊಂದು ಕಡೆ 'ಮೆದುಳು ಬೆಳೆದಿಲ್ಲ, ಬೆಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿ' ಅಂದಿದ್ದರು. ದುಡ್ಡು ಹೊಂದಲಿಲ್ಲ. ಅಜ್ಜಿ ಬಾಲಗ್ರಹ ಅಂತ ತಾಯಿತ ಕಟ್ಟಿಸಿ, ಉಚ್ಚಂಗೆಮ್ಮನಿಗೆ ಹರಕೆ ಹೊತ್ತಿದ್ದಳು. ನಾನು ತಾಯಿತ ಬಿಚ್ಚಿಸಲಿಲ್ಲ. ಅದರಿಂದ ಮಗುವಿಗೆ ತೊಂದರೆ ಇರಲಿಲ್ಲ. ಬಿಚ್ಚಿಸಿದ್ದರೆ ಅಜ್ಜಿ ನನ್ನಿಂದ ದೂರ ಆಗುತ್ತಿದ್ದಳು, ಆ ಮನೆಯಲ್ಲಿ ಯಾರು ಏನು ಉಣ್ಣಬೇಕು ಅಂತ ತೀರ್ಮಾನ ಮಾಡುವವಳು ಅವಳೇ.

ರಕ್ತ ಪರೀಕ್ಷೆ

ಕಲಿತದ್ದು ಬಿಟ್ಟುಹೋಗುವುದಕ್ಕೆ ಹತ್ತಾರು ಕಾರಣ ಇವೆ. ಸಣ್ಣಗೆ ಬೆಚ್ಚಿಬಿದ್ದಂತೆ ಕಾಣುವ ಒಂದು ಬಗೆಯ ಫಿಟ್ಸ್, ಥೈರಾಯ್ಡ್ ಕೊರತೆ, ಮೆದುಳಿಗೆ ತಗುಲಿದ ಕ್ಷಯ, ಹುಟ್ಟಿನಿಂದ ಬಂದ ಕೆಲವು ಕಾಯಿಲೆಗಳು. ಆದರೆ ಬಿಳಿಚಿದ ಮೈ, ಕಪ್ಪಾದ ಗೆಣ್ಣು, ಕಂದು ಕೂದಲು, ಜೊತೆಗೆ ಮಂಕು ಬಡಿದ ದುಂಡಗಿನ ಮಗು. ಈ ಜೋಡಣೆ ನೋಡಿದರೆ ಮೊದಲು ಒಂದನ್ನೇ ನೆನೆಯಬೇಕು: ವಿಟಮಿನ್ ಬಿ12.

ದಾವಣಗೆರೆಗೆ ಕರೆತಂದು ಆಸ್ಪತ್ರೆಗೆ ಸೇರಿಸಿದೆವು. ಮೊದಲು ಮಾಡಿಸಿದ್ದು ಎಲ್ಲ ಕಡೆ ಸಿಗುವ, ಕಡಿಮೆ ಖರ್ಚಿನ ರಕ್ತಕಣದ ಪರೀಕ್ಷೆ. ಹಿಮೋಗ್ಲೋಬಿನ್ 7.4. ಪ್ಲೇಟ್‌ಲೆಟ್ ಕೂಡ ಕಡಿಮೆ. ಕಬ್ಬಿಣಾಂಶ ಕಡಿಮೆಯಾದರೆ ಕೆಂಪು ರಕ್ತಕಣ ಚಿಕ್ಕದಾಗುತ್ತದೆ, ಈ ಮಗುವಿನ ಕಣಗಳು ಉಲ್ಟಾ ದೊಡ್ಡದಾಗಿದ್ದವು. ಆ ಗಾತ್ರದ ಸಂಖ್ಯೆ, ಅಂದರೆ ಎಂಸಿವಿ, ವರದಿಯಲ್ಲಿ 104 ಅಂತ ಇತ್ತು. ಎಂಸಿವಿ ಪ್ರತಿ ರಕ್ತದ ವರದಿಯಲ್ಲೂ ಅಚ್ಚಾಗಿರುತ್ತದೆ, ಹಿಮೋಗ್ಲೋಬಿನ್ ನೋಡಿ ಚೀಟಿ ಮಡಚಿಬಿಟ್ಟರೆ ಕಾಣಲ್ಲ. ಥೈರಾಯ್ಡ್ ಸರಿ ಇತ್ತು. ಬಿ12 ಮಟ್ಟ 88 ಬಂತು. ಸಾಮಾನ್ಯವಾಗಿ 200ಕ್ಕಿಂತ ಮೇಲಿರಬೇಕು. ತಾಯಿಯದೂ ನೋಡಿಸಿದೆವು: 140. ಎಂಆರ್‌ಐ ಸದ್ಯಕ್ಕೆ ಬೇಡ ಅಂದೆವು. ಮಾಡಿಸಿದ್ದರೆ ಮೆದುಳು ಸ್ವಲ್ಪ ಕುಗ್ಗಿದ ಹಾಗೆ ಕಾಣಬಹುದಿತ್ತು. ಚಿಕಿತ್ಸೆ ಅದರಿಂದ ಬದಲಾಗುತ್ತಿರಲಿಲ್ಲ.

ಬಿ12 ಅನ್ನು ಗಿಡವಾಗಲಿ ಪ್ರಾಣಿಯಾಗಲಿ ತಯಾರಿಸುವುದಿಲ್ಲ, ಸೂಕ್ಷ್ಮಜೀವಿಗಳು ಮಾತ್ರ ತಯಾರಿಸುತ್ತವೆ. ಹಸುವಿನ ಹೊಟ್ಟೆಯೊಳಗೆ ಅವು ಇರುತ್ತವೆ, ಹಾಗಾಗಿ ಹಾಲಿನಲ್ಲಿ, ಮಾಂಸದಲ್ಲಿ ಬಿ12 ಸಿಗುತ್ತದೆ. ಮೊಟ್ಟೆ, ಮೀನಿನಲ್ಲೂ ಇದೆ. ರಾಗಿ, ಜೋಳ, ಬೇಳೆ, ಸೊಪ್ಪು, ಹಣ್ಣು, ಮೊಳಕೆ ಕಾಳು ಇವುಗಳಲ್ಲಿ ಇಲ್ಲ ಅಂತಲೇ ಹೇಳಬೇಕು. ರಕ್ತಕಣ ಹುಟ್ಟಲು ಇದು ಬೇಕು. ನರಗಳ ಮೇಲಿನ ಕೊಬ್ಬಿನ ಹೊದಿಕೆ ಬೆಳೆಯಲೂ ಬೇಕು. ಮೊದಲ ಎರಡು ವರ್ಷ ಆ ಹೊದಿಕೆ ಭರದಿಂದ ಬೆಳೆಯುವ ಕಾಲ. ದೊಡ್ಡವರ ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ದಾಸ್ತಾನು ಇರುತ್ತದೆ. ಕೂಸು ತಾಯಿಯಿಂದ ತಂದದ್ದು ಕೆಲವು ತಿಂಗಳಿಗೆ ಮಾತ್ರ, ತಾಯಿಗೇ ಇಲ್ಲದಿದ್ದರೆ ಅದೂ ಇಲ್ಲ. ಎದೆಹಾಲಿನಲ್ಲಿ ಬರುವ ಬಿ12 ಕೂಡ ತಾಯಿಯ ಮೈಯಲ್ಲಿ ಎಷ್ಟಿದೆಯೋ ಅದರ ಮೇಲೆ ನಿಂತಿದೆ. ಈ ಮಗು ಏಳನೇ ತಿಂಗಳವರೆಗೆ ಚೆನ್ನಾಗಿದ್ದು ಆಮೇಲೆ ಇಳಿದದ್ದು ಹೀಗೆ.

1962ರಲ್ಲೇ ವೆಲ್ಲೂರಿನ ವೈದ್ಯರು ದಕ್ಷಿಣ ಭಾರತದ ಇಂಥ ಆರು ಕೂಸುಗಳ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಎದೆಹಾಲು ಮಾತ್ರ ಕುಡಿಯುತ್ತಿದ್ದ ಮಕ್ಕಳು, ಬಿ12 ಇಲ್ಲದ ತಾಯಂದಿರು, ಮಂಕು, ಕಪ್ಪಾದ ಚರ್ಮ, ಕಲಿತದ್ದು ಮರೆಯುವುದು, ಕೈಕಾಲಿನ ನಡುಕ. ಇದನ್ನು ಪುಸ್ತಕದಲ್ಲಿ ಓದದೆ ಪರೀಕ್ಷೆ ಪಾಸಾದ ಮಕ್ಕಳ ವೈದ್ಯರು ನಮ್ಮ ದೇಶದಲ್ಲಿ ಇರಲಿಕ್ಕಿಲ್ಲ. ಆದರೂ ಹಳ್ಳಿಯ ತಪಾಸಣೆಯ ನಮೂನೆಗೆ ಅದು ಇನ್ನೂ ಇಳಿದಿಲ್ಲ.

ನಾಲ್ಕನೇ ದಿನದ ನಡುಕ

ಬಿ12 ಇಂಜೆಕ್ಷನ್ ಶುರುವಾಯಿತು. ಮೊದಲು ದಿನವೂ, ಆಮೇಲೆ ವಾರಕ್ಕೊಮ್ಮೆ, ನಂತರ ತಿಂಗಳಿಗೊಮ್ಮೆ. ಇದನ್ನು ಆಸ್ಪತ್ರೆಯಲ್ಲೇ ಶುರು ಮಾಡುವುದಕ್ಕೆ ಕಾರಣ ಇದೆ. ನಿಂತುಹೋಗಿದ್ದ ರಕ್ತದ ತಯಾರಿಕೆ ಒಮ್ಮೆಲೇ ಜೋರಾದಾಗ ಮೈಯೊಳಗಿನ ಪೊಟ್ಯಾಸಿಯಮ್ ಕುಸಿಯಬಹುದು, ಅದನ್ನು ನೋಡಿಕೊಳ್ಳಬೇಕು. ಹೊಸ ರಕ್ತಕ್ಕೆ ಕಬ್ಬಿಣಾಂಶವೂ ಬೇಕಾಗುತ್ತದೆ, ಅದನ್ನೂ ಆಮೇಲೆ ಸೇರಿಸಿದೆವು. ರಕ್ತಕಣಕ್ಕೆ ಬೇಕಾದ ಇನ್ನೊಂದು ವಿಟಮಿನ್ ಫೋಲಿಕ್ ಆ್ಯಸಿಡ್, ಅದೊಂದನ್ನೇ ಕೊಡುವ ಹಾಗಿಲ್ಲ. ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಮೂರನೇ ದಿನ ಮಗು ತಾಯಿಯ ಮುಖ ನೋಡಿತು. ಸುಮ್ಮನೆ ಕಣ್ಣು ಹೊರಳಿಸಿದ್ದಲ್ಲ, ದಿಟ್ಟಿಸಿ ನೋಡಿತು. ತಿಂಗಳಿಂದ ಬೇಡ ಅಂದಿದ್ದ ರಾಗಿ ಸರಿಯನ್ನು ಅರ್ಧ ಬಟ್ಟಲು ತಿಂದಿತು.

ನಾಲ್ಕನೇ ದಿನ ಕೈ ನಡುಗತೊಡಗಿತು. ಆಮೇಲೆ ನಾಲಿಗೆ, ತಲೆ. ಎಚ್ಚರ ಇದ್ದಾಗ ನಡುಕ, ನಿದ್ದೆ ಹೋದರೆ ನಿಲ್ಲುತ್ತಿತ್ತು. ಅಜ್ಜಿ ಹಾಸಿಗೆ ಸುತ್ತಿಕೊಂಡು ಹೊರಟು ನಿಂತಳು. "ಸುಮ್ನಿದ್ದ ಕೂಸಿಗೆ ಸೂಜಿ ಚುಚ್ಚಿ ನಡುಕ ತರಿಸಿದ್ರಲ್ಲ ಡಾಕ್ಟ್ರಮ್ಮ!" ಅವಳ ಸಿಟ್ಟಿಗೆ ಅರ್ಥ ಇತ್ತು. ಬಿ12 ಕೊಡಲು ಶುರು ಮಾಡಿದ ಮೇಲೆ ಕೆಲವು ಕೂಸುಗಳಲ್ಲಿ ಹೀಗೆ ನಡುಕ ಕಾಣಿಸಿಕೊಳ್ಳುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇದನ್ನು ಮೊದಲ ದಿನವೇ ತಾಯಿಗೂ ತಂದೆಗೂ ಹೇಳಿದ್ದೆವು, ಅಜ್ಜಿ ಆಗಿನ್ನೂ ಊರಿನಿಂದ ಬಂದಿರಲಿಲ್ಲ. ಕೊನೆಗೆ ಅವಳನ್ನು ನಿಲ್ಲಿಸಿದ್ದು ನಮ್ಮ ವಿವರಣೆ ಅಲ್ಲ, ಸೊಸೆ. "ಅತ್ತೆ, ನಡುಗ್ತಾನೇ ನನ್ನ ನೋಡ್ತೈತೆ. ಇನ್ನೆರಡು ದಿನ ನೋಡಾಣ." ಎರಡು ದಿನಕ್ಕೆ ನಡುಕ ಹೋಗಲಿಲ್ಲ. ಆರನೇ ವಾರದ ಹೊತ್ತಿಗೆ ಹೋಯಿತು.

ಈ ಹಂತದಲ್ಲಿ ಚಿಕಿತ್ಸೆ ಬಿಟ್ಟು ಹೋಗುವವರು ಇದ್ದಾರೆ, ಹೋದರೆ ಮತ್ತೆ ಬರುವುದಿಲ್ಲ. ಹಾಗಾಗಿ ನಡುಕದ ವಿಷಯವನ್ನು ಮನೆಯ ಹಿರಿಯರು ಇರುವಾಗಲೇ ಹೇಳಬೇಕು ಅನ್ನುವುದು ಈಗ ನಮ್ಮ ತಂಡದ ಪದ್ಧತಿ.

ಹಾಲು ಎಲ್ಲಿಗೆ ಹೋಗುತ್ತಿತ್ತು

ಮಗುವಿಗೆ ಸೂಜಿ ಹಾಕಿದೆವು, ಸರಿ. ತಾಯಿಯ ಮೈಯಲ್ಲಿ ಬಿ12 ಯಾಕೆ ಇರಲಿಲ್ಲ?

ಲಿಂಗವಂತರ ಮನೆ, ಮೊಟ್ಟೆ ಹೊಸ್ತಿಲು ದಾಟುವುದಿಲ್ಲ. ಆದರೆ ಹಿತ್ತಲಲ್ಲಿ ಒಂದು ಎಚ್‌ಎಫ್ ತಳಿಯ ಹಸು ಇತ್ತು, ಎರಡು ಹೊತ್ತು ಸೇರಿ ಎಂಟು ಲೀಟರ್ ಹಾಲು. ಎಂಟು ಲೀಟರ್ ಕರೆಯುವ ಮನೆಯ ಬಾಣಂತಿಗೆ ಹಾಲಿನಲ್ಲಿ ಸಿಗುವ ಸತ್ವದ ಕೊರತೆ! ಕಾಗದದ ಮೇಲೆ ನೋಡಿದರೆ ಇದು ಒಗಟು. ಬೆಳಗ್ಗೆ ಆರು ಗಂಟೆಗೆ ಆ ಮನೆಯ ಮುಂದೆ ನಿಂತರೆ ಒಗಟು ಅಲ್ಲ.

ಹಸು ಬಂದದ್ದು ಸಂಘದ ಸಾಲದಲ್ಲಿ. ವಾರಕ್ಕೊಮ್ಮೆ ಕಂತು. ಬೋರ್‌ವೆಲ್ ಬತ್ತಿ ಎರಡು ವರ್ಷ ಆಗಿತ್ತು. ಮೆಕ್ಕೆಜೋಳದ ದುಡ್ಡು ವರ್ಷಕ್ಕೊಂದು ಸಲ, ಅದೂ ಮಳೆ ಬಂದರೆ. ಕಂತು ಕಟ್ಟಲು ಕೈಗೆ ಸಿಗುವ ಕಾಸು ಅಂದರೆ ಡೈರಿ ಬಟವಾಡೆ ಒಂದೇ. ಹಾಗಾಗಿ ಕರೆದ ಹಾಲು ನೇರ ಕ್ಯಾನಿಗೆ, ಕ್ಯಾನಿನಿಂದ ಡೈರಿಗೆ. ಅಲ್ಲಿ ಫ್ಯಾಟ್ ನೋಡಿ ಬರೆದುಕೊಳ್ಳುತ್ತಾರೆ. ಮನೆಗೆ ಉಳಿಯುವುದು ಟೀಗೆ ಬೇಕಾದ ಒಂದು ಲೋಟ, ಮನೆಯ ಏಳು ಜನಕ್ಕೆ. ದೇಶದಲ್ಲಿ ಅಮುಲ್ ಬಿಟ್ಟರೆ ದೊಡ್ಡ ಹಾಲು ಒಕ್ಕೂಟ ನಮ್ಮ ಕೆಎಂಎಫ್. ಅದರಿಂದ ಹಳ್ಳಿಗೆ ಬಂದ ದುಡ್ಡು ಸಣ್ಣದಲ್ಲ, ನಾನು ಡೈರಿಯ ವಿರೋಧಿ ಅಲ್ಲವೇ ಅಲ್ಲ. ಆದರೆ ಹಾಲು ಕಾಸಾದ ಮೇಲೆ ಮಜ್ಜಿಗೆ ಗಡಿಗೆ ಖಾಲಿಯಾದ ಮನೆಗಳನ್ನು ಈ ತಾಲ್ಲೂಕಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಇದಕ್ಕೆ ಬಾಣಂತನದ ಪಥ್ಯವೂ ಸೇರಿತು. ತವರು ಹರಪನಹಳ್ಳಿ ಕಡೆ. ಅಲ್ಲಿ ಐದು ತಿಂಗಳು ಇದ್ದಳು. ರೊಟ್ಟಿ, ಮೆಣಸಿನ ಸಾರು, ಒಣಕೊಬ್ಬರಿ, ಅಂಟಿನ ಉಂಡೆ ಎಲ್ಲಾ ಕೊಟ್ಟಿದ್ದಾರೆ. ಪ್ರೀತಿಗೆ ಕಡಿಮೆ ಇರಲಿಲ್ಲ. ಮೊಸರು, ಮಜ್ಜಿಗೆ ಮಾತ್ರ ಶೀತ, ಕೂಸಿಗೆ ನೆಗಡಿ ಬರುತ್ತೆ ಅಂತ ಮುಟ್ಟಿಸಲಿಲ್ಲ. ಅಂಗನವಾಡಿಯಲ್ಲಿ ಗರ್ಭಿಣಿ ಬಾಣಂತಿಯರಿಗೆ 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಇದೆ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ಮೊಳಕೆ ಕಾಳು ಒಳ್ಳೆಯದೇ, ಅದರಲ್ಲಿ ಬಿ12 ಇಲ್ಲ ಅಷ್ಟೆ. ಇವಳು ಅಲ್ಲಿಗೆ ಹೋದದ್ದೂ ಕಡಿಮೆ. ನಡು ಮಧ್ಯಾಹ್ನ ಹೊಲದ ಕೆಲಸ ಬಿಟ್ಟು ಊಟಕ್ಕೆ ಅಂತ ಊರೊಳಗೆ ಬರುವುದು ಸೊಸೆಯಾದವಳಿಗೆ ಸುಲಭವಲ್ಲ.

ತಾಯಿ ಕಾರ್ಡ್ ನೋಡಿದರೆ ಎಲ್ಲ ತಪಾಸಣೆ ಆಗಿತ್ತು. ಕೆಂಪು ಮಾತ್ರೆಯನ್ನು ಅವಳು ನಿಯತ್ತಾಗಿ ನುಂಗಿದ್ದಳು. ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತದೆ. ಬಿ12 ಇರುವುದಿಲ್ಲ. ಫೋಲಿಕ್ ಆ್ಯಸಿಡ್ ಈ ಮಾತ್ರೆಗೆ ಬಂದ ದಾರಿಯ ಒಂದು ತುದಿ ಮುಂಬೈಯಲ್ಲಿದೆ. ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ 1928ರಿಂದ ಅಲ್ಲಿನ ಬಟ್ಟೆ ಮಿಲ್ಲುಗಳ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಅವರ ರಕ್ತಕಣಗಳೂ ದೊಡ್ಡದಾಗಿದ್ದವು. ಈಸ್ಟ್‌ನ ಸಾರ ಕೊಟ್ಟರೆ ಗುಣವಾಗುತ್ತದೆ ಅಂತ 1931ರಲ್ಲಿ ಬರೆದರು. ಈಸ್ಟ್‌ನಲ್ಲಿದ್ದ ಆ ಅಂಶವೇ ಫೋಲೇಟ್ ಅಂತ ಆಮೇಲೆ ಗೊತ್ತಾಯಿತು, ಮಾತ್ರೆಯಲ್ಲಿರುವ ಫೋಲಿಕ್ ಆ್ಯಸಿಡ್ ಅದರದೇ ಒಂದು ರೂಪ. ವಿಲ್ಸ್ ಅವರು ಮೊದಲು ಕೇಳಿದ್ದು ಈ ಹೆಂಗಸರು ಏನು ತಿನ್ನುತ್ತಾರೆ ಅಂತ. ನನಗೆ ಅವರ ಕೆಲಸದಲ್ಲಿ ಹೆಚ್ಚು ಇಷ್ಟವಾಗುವುದು ಆ ಪ್ರಶ್ನೆ.

ಹಾಲಿನ ಲೆಕ್ಕವನ್ನು ಅಜ್ಜಿಯ ಜೊತೆ ಕೂತು ಮಾಡಿದೆ. ಎದೆಹಾಲು ಕೊಡುವ ತಾಯಿಗೆ ದಿನಕ್ಕೆ ಬೇಕಾದ ಬಿ12 ಸುಮಾರು ಮೂರು ಮೈಕ್ರೋಗ್ರಾಂ. 200 ಮಿಲಿ ಲೋಟ ಹಾಲಿನಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, ಕುದಿಸಿದಾಗ ಒಂದಷ್ಟು ಹೋಗುತ್ತದೆ. ಟೀಗೆ ಬಿದ್ದ ಎರಡು ಚಮಚದಿಂದ ಏನೂ ಆಗಲ್ಲ. ಅರ್ಧ ಲೀಟರ್ ಹಾಲು ಮೊಸರು ಮನೆಯಲ್ಲಿ ಉಳಿದು, ಅದರ ದೊಡ್ಡ ಪಾಲು ಸೊಸೆಗೇ ಸಿಗಬೇಕು. ಡೈರಿಯಲ್ಲಿ ಆಗ ಲೀಟರಿಗೆ 35 ರೂಪಾಯಿ ಆಸುಪಾಸು ಕೊಡುತ್ತಿದ್ದರು. ಅರ್ಧ ಲೀಟರ್ ಅಂದರೆ ದಿನಕ್ಕೆ 17, 18 ರೂಪಾಯಿ, ತಿಂಗಳಿಗೆ 500ರ ಮೇಲೆ. ಬಡ ಮನೆಗೆ ಇದು ಸಣ್ಣ ದುಡ್ಡಲ್ಲ. 'ಹಾಲು ಕುಡಿಯಿರಿ' ಅಂತ ಗೋಡೆಯ ಮೇಲೆ ಬರೆಸುವವರು ಈ 500 ರೂಪಾಯಿಯನ್ನು ಎಲ್ಲಿಂದ ತರಬೇಕು ಅಂತಲೂ ಬರೆಸಿದರೆ ಚೆನ್ನಾಗಿರುತ್ತದೆ.

ಮಾವನವರು ಒಪ್ಪಲಿಲ್ಲ. "ಕಂತು ತಪ್ಪಿದ್ರೆ ಮನೆ ಮುಂದೆ ಬಂದು ಕುಂದರ್ತಾರೆ, ಅವರಿಗೆ ನೀವು ಹೇಳ್ತೀರೇನು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿ ಮಧ್ಯೆ ಬಾಯಿ ಹಾಕಿ, ಟಾನಿಕ್‌ಗೆ, ಬಸ್ ಚಾರ್ಜಿಗೆ, ಆಸ್ಪತ್ರೆಗೆ ಆದ ಖರ್ಚನ್ನೆಲ್ಲ ಬೆರಳಲ್ಲಿ ಎಣಿಸಿ ಗಂಡನಿಗೆ ಹೇಳಿದಳು. ಮಾರನೆಯ ದಿನದಿಂದ ಸಂಜೆಯ ಹಾಲಿನಲ್ಲಿ ಒಂದು ಚೊಂಬು ಕ್ಯಾನಿಗೆ ಹೋಗುವ ಮೊದಲೇ ಒಳಗೆ ಹೋಯಿತು. ಬಾಣಂತಿಗೆ ಮೊಸರು ಶೀತ ಅನ್ನುವ ಮಾತನ್ನು ಅವಳು ಪೂರ್ತಿ ಬಿಡಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಉಣ್ಣಬಹುದು ಅಂತ ತಾನೇ ಒಂದು ತಿದ್ದುಪಡಿ ತಂದಳು! ನನಗೆ ಅಷ್ಟು ಸಾಕಿತ್ತು.

ಬರೀ ಹಾಲನ್ನು ನಂಬಿ ಕೂರಲಿಲ್ಲ. ತಾಯಿಗೆ ಮೊದಲು ಇಂಜೆಕ್ಷನ್, ಆಮೇಲೆ ಮಾತ್ರೆ ಕೊಟ್ಟೆವು. ಎದೆಹಾಲು ನಿಲ್ಲಿಸಬಾರದು ಅಂತ ಒತ್ತಿ ಹೇಳಿದೆವು. ಯಾಕೆಂದರೆ ವಿಷಯ ಗೊತ್ತಾದ ಕೂಡಲೇ ಓಣಿಯಲ್ಲಿ "ಆಕೆ ಹಾಲೇ ಕೆಟ್ಟದ್ದಂತೆ" ಅನ್ನುವ ಮಾತು ಹುಟ್ಟಿತ್ತು. ಹಾಲು ಕೆಟ್ಟಿರಲಿಲ್ಲ. ತಾಯಿಗೆ ಬಿ12 ಸಿಕ್ಕರೆ ಅದೇ ಹಾಲಿನಲ್ಲಿ ಮಗುವಿಗೂ ಸಿಗುತ್ತದೆ.

ಆಟವೂ ಒಂದು ಚಿಕಿತ್ಸೆ

ರಕ್ತ ಬೇಗ ಸರಿಹೋಯಿತು. ಎರಡು ತಿಂಗಳಿಗೆ ಹಿಮೋಗ್ಲೋಬಿನ್ 10.8. ಮೆದುಳು ಅಷ್ಟು ಬೇಗ ಹಿಂದಿನದನ್ನು ಕಟ್ಟಿಕೊಳ್ಳುವುದಿಲ್ಲ. ಎಷ್ಟು ದಿನ ಕೊರತೆ ಇತ್ತು ಅನ್ನುವುದರ ಮೇಲೆ ಫಲಿತಾಂಶ ನಿಂತಿರುತ್ತದೆ, ಕೆಲವು ಮಕ್ಕಳು ಹಿಂದೆಯೇ ಉಳಿಯುತ್ತಾರೆ. ಹಾಗಾಗಿ ಬೆಳವಣಿಗೆಗೆ ಒತ್ತು ಕೊಡುವ ಆಟಗಳನ್ನು ಆಸ್ಪತ್ರೆಯಲ್ಲೇ ಶುರು ಮಾಡಿದೆವು.

ಇಲ್ಲಿ ನಮಗೆ ದಾರಿ ತೋರಿಸಿದ್ದು ಜಮೈಕಾದ ಒಂದು ಕೆಲಸ. ಸ್ಯಾಲಿ ಗ್ರ್ಯಾಂಥಮ್-ಮೆಕ್‌ಗ್ರೆಗರ್ ಅನ್ನುವ ವೈದ್ಯೆ ಮತ್ತು ಅವರ ಸಂಗಡಿಗರು 1986-87ರಲ್ಲಿ ಕಿಂಗ್‌ಸ್ಟನ್ನಿನ ಬಡ ಕೇರಿಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರ ಇಲ್ಲದ 129 ಮಕ್ಕಳನ್ನು ಆರಿಸಿಕೊಂಡರು. 9ರಿಂದ 24 ತಿಂಗಳ ಮಕ್ಕಳು. ಕೆಲವರಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿ. ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಹೋಗಿ, ತಾಯಿಯ ಜೊತೆ ಒಂದು ಗಂಟೆ ಕೂತು, ಮನೆಯಲ್ಲಿ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವುದು. ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ. ಎರಡು ವರ್ಷ ಹೀಗೆ ನಡೆಯಿತು. ಇಪ್ಪತ್ತು ವರ್ಷದ ನಂತರ ಹುಡುಕಿ ನೋಡಿದಾಗ, ಆಟ ಸಿಕ್ಕಿದ ಮಕ್ಕಳು ದೊಡ್ಡವರಾಗಿ ಸಿಗದವರಿಗಿಂತ ಸುಮಾರು ಶೇ. 25 ಜಾಸ್ತಿ ದುಡಿಯುತ್ತಿದ್ದರು. ಹಾಲಿನ ಪುಡಿಯ ಲಾಭ ಮಾತ್ರ ಅಷ್ಟು ದೂರ ಬರಲಿಲ್ಲ. ನಮ್ಮ ಮಗುವಿಗೆ ಎರಡೂ ಬೇಕಿತ್ತು.

ಆಟಿಕೆಗೆ ದುಡ್ಡು ಖರ್ಚಾಗಲಿಲ್ಲ. ಬಾಟಲಿಗೆ ಒಂದು ಹಿಡಿ ಮೆಕ್ಕೆಜೋಳ ಹಾಕಿ ಮುಚ್ಚಳಕ್ಕೆ ಮೇಣ ಹಚ್ಚಿದರೆ ಗಿಲಕಿ. ಹಳೆ ಸೀರೆಯ ಗೊಂಬೆ. ಒಂದರೊಳಗೆ ಒಂದು ಕೂರುವ ಸ್ಟೀಲ್ ಬಟ್ಟಲುಗಳು. ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಹೋಗಿ ತೋರಿಸಿಕೊಟ್ಟರು. ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದೆ ಹೋದವಳು ಅಜ್ಜಿಯೇ. ರೊಟ್ಟಿ ಬಡಿಯುವಾಗ ಮಗುವನ್ನು ಎದುರಿಗೆ ಕೂರಿಸಿಕೊಂಡು ಒಂದು ಚೂರು ಹಿಟ್ಟು ಕೈಗೆ ಕೊಡುತ್ತಿದ್ದಳು, ಬಿಡುವಿಲ್ಲದೆ ಮಾತಾಡುತ್ತಿದ್ದಳು, ಪದ ಹೇಳುತ್ತಿದ್ದಳು. ನಾವು ಅಚ್ಚು ಹಾಕಿಸಿದ ಕೈಪಿಡಿಯಲ್ಲಿ 'ದಿನನಿತ್ಯದ ಕೆಲಸದ ನಡುವೆ ಮಗುವಿನೊಂದಿಗೆ ಸಂವಹನ' ಅಂತ ಒಂದು ಪುಟ ಇದೆ. ಅಜ್ಜಿಗೆ ಓದು ಬರಲ್ಲ, ಆ ಪುಟದಲ್ಲಿ ಇರುವುದನ್ನೆಲ್ಲ ಮಾಡಿದಳು.

13 ತಿಂಗಳಿಗೆ ಮಗು ಮತ್ತೆ ಕೂತಿತು. 15ಕ್ಕೆ ಹಿಡಿದುಕೊಂಡು ನಿಂತಿತು. 19ಕ್ಕೆ ನಡೆಯಿತು. ಕೂದಲು ಕಪ್ಪಾಯಿತು, ಗೆಣ್ಣಿನ ಕಪ್ಪು ಇಳಿಯಿತು. ಮಾತು ಹಿಂದೆ ಉಳಿದಿದೆ. ಎರಡು ವರ್ಷಕ್ಕೆ ಎರಡೆರಡು ಪದ ಜೋಡಿಸಬೇಕಿತ್ತು, ಈ ಮಗು ಒಂಟಿ ಪದಗಳನ್ನೇ ಹೇಳುತ್ತದೆ. ಅದರಲ್ಲಿ ಅರ್ಧ ಹಸುವಿಗೆ, ಅರ್ಧ ಅಜ್ಜಿಗೆ ಸಂಬಂಧಿಸಿದ್ದು. ಕಿವಿ ಪರೀಕ್ಷೆ ಮಾಡಿಸಿದೆವು, ಸರಿಯಿದೆ. ಮಾತಿನ ತರಬೇತಿಗೆ ಜಿಲ್ಲಾ ಕೇಂದ್ರಕ್ಕೆ ಬರಬೇಕು. ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಮಾತ್ರ ಬರುತ್ತಾರೆ.

ಅಧ್ಯಯನದಲ್ಲಿ ಬದಲಾದದ್ದು

ಈ ಮಗುವಿನ ನಂತರ ನಮ್ಮ ನಮೂನೆಯ ಮೊದಲಿಗೆ ಒಂದು ಪ್ರಶ್ನೆ ಸೇರಿಸಿದೆವು: 'ಮಗು ಮೊದಲು ಮಾಡುತ್ತಿದ್ದು, ಈಗ ಬಿಟ್ಟಿರುವುದು ಏನಾದರೂ ಇದೆಯಾ?' ಹೌದು ಅಂದರೆ ತಕ್ಕಡಿ ಏನೇ ಹೇಳಲಿ, ಅದೇ ವಾರ ವೈದ್ಯರು ನೋಡಬೇಕು, ರಕ್ತದ ವರದಿಯಲ್ಲಿ ಎಂಸಿವಿ ನೋಡಬೇಕು. ಅಂಗನವಾಡಿ ಟೀಚರ್‌ಗಳಿಗೆ ಗೆಣ್ಣಿನ ಫೋಟೊ ತೋರಿಸಿ, ಇಂಥದ್ದು ಕಂಡರೆ ಫೋನ್ ಮಾಡಿ ಅಂತ ಹೇಳಿದ್ದೇವೆ. ಬರುವ ಫೋನುಗಳಲ್ಲಿ ಹೆಚ್ಚಿನವು ಬರೀ ಬಿಸಿಲಿಗೆ ಕಪ್ಪಾದ ಕೈ. ಪರವಾಗಿಲ್ಲ.

ಅದೇ ಮನೆಯಲ್ಲಿ ತಾಯಿಯ ವಾರಗಿತ್ತಿ ಆಗ ಐದು ತಿಂಗಳ ಬಸುರಿ. ಅದೇ ಅಡುಗೆ, ಅದೇ ಕ್ಯಾನು, ಅದೇ ಕಂತು. ಅವಳ ರಕ್ತದಲ್ಲೂ ಬಿ12 ತಳ ಕಂಡಿತ್ತು. ಹೆರಿಗೆಗೆ ಮೊದಲೇ ಚಿಕಿತ್ಸೆ ಕೊಟ್ಟೆವು. ಅವಳ ಗಂಡುಮಗುವಿಗೆ ಈಗ ಒಂಬತ್ತು ತಿಂಗಳು, ಅಂಬೆಗಾಲಿಡುತ್ತದೆ, ಕಂಡದ್ದನ್ನೆಲ್ಲ ಎಳೆದು ಬೀಳಿಸುತ್ತದೆ.

ಈ ಬೇಸಿಗೆಯಲ್ಲಿ ಹಸು ಬತ್ತಿತು. ಗಬ್ಬ ಆಗಿದೆ, ಕರು ಹಾಕುವವರೆಗೆ ಹಾಲಿಲ್ಲ. ಕಂತು ನಿಂತಿಲ್ಲ. ಪ್ಯಾಕೆಟ್ ಹಾಲು ತರುವುದಕ್ಕೆ ಮಾವನವರು ಖಡಾಖಂಡಿತ ಇಲ್ಲ ಅಂದಿದ್ದಾರೆ, ಅಜ್ಜಿಯ ಮಾತೂ ನಡೆದಿಲ್ಲ. ಇಬ್ಬರು ಸೊಸೆಯಂದಿರಿಗೂ ಸದ್ಯಕ್ಕೆ ಬಿ12 ಮಾತ್ರೆಯೇ ಗತಿ. ಅದನ್ನು ಆಶಾ ಕಾರ್ಯಕರ್ತೆಯ ಕೈಯಲ್ಲಿ ಕಳಿಸುತ್ತಿದ್ದೇವೆ. ನಮ್ಮ ಅಧ್ಯಯನದ ಹಣ ಇರುವವರೆಗೆ ಅದು ನಡೆಯುತ್ತದೆ. ಆಮೇಲೆ ಸರ್ಕಾರಿ ಔಷಧಿಯ ಪಟ್ಟಿಯಿಂದ ಆ ಹಳ್ಳಿಯ ಉಪಕೇಂದ್ರಕ್ಕೆ ಇದನ್ನು ತರಿಸಲು ಆಗುತ್ತದೆಯೇ ಅಂತ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದಿದ್ದೇವೆ. ಮಗುವಿನ ಮಾತಿನ ಮುಂದಿನ ಪರೀಕ್ಷೆ ಮೂರು ವರ್ಷ ತುಂಬಿದಾಗ.